ಒಂದು ಪ್ರಾಜೆಕ್ಟ್ ಕೊಟ್ಟರೆ ಆನರ್ಸ್ ಪದವಿ ಸಿಗುತ್ತದೆಯೇ? ನಿಜ ಇಲ್ಲಿದೆ

“ನಾಲ್ಕನೇ ವರ್ಷ ಒಂದು ಪ್ರಾಜೆಕ್ಟ್ ಕೊಟ್ಟರೆ ಸಾಕು, ಆನರ್ಸ್ ಪದವಿ ಗ್ಯಾರಂಟಿ. ಎಂ.ಎಸ್ಸಿ. ಇಲ್ಲದೆ ನೇರ ಪಿಎಚ್‌.ಡಿ!” ಕಾಲೇಜು ಪ್ರವೇಶದ ದಿನಗಳಲ್ಲಿ ಇಂಥ ಮಾತುಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಬೆನ್ನಿಗೇ “ರೆಡಿಮೇಡ್ ಪ್ರಾಜೆಕ್ಟ್ ಮಾಡಿಕೊಡುತ್ತೇವೆ” ಎನ್ನುವವರೂ ಬರುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಂಬಿದರೆ ಹಣದ ಜೊತೆ ಒಂದು ವರ್ಷವೂ ಕೈಬಿಡಬಹುದು. ಹಾಗಾಗಿ ನಿಯಮವನ್ನೇ ಬಿಡಿಸಿ ನೋಡೋಣ.

ನಿಯಮದಲ್ಲಿ ಏನಿದೆ?

ಯುಜಿಸಿ 2022ರ ಡಿಸೆಂಬರ್‌ನಲ್ಲಿ ಪದವಿ ಕೋರ್ಸ್‌ಗಳ ಕ್ರೆಡಿಟ್ ಚೌಕಟ್ಟನ್ನು ಪ್ರಕಟಿಸಿತು. ಅದರ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160 ಕ್ರೆಡಿಟ್ ಬೇಕು.

ಆನರ್ಸ್‌ನಲ್ಲಿ ಎರಡು ಬಗೆ. ಒಂದು ಬರೀ ಆನರ್ಸ್, ಇನ್ನೊಂದು ಸಂಶೋಧನೆ ಸಹಿತ ಆನರ್ಸ್. ಎರಡನೆಯದಕ್ಕೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಬೇಕು. ವಿದ್ಯಾರ್ಥಿ ತನ್ನ ಮುಖ್ಯ ವಿಷಯದಲ್ಲಿ, ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಸಂಶೋಧನಾ ಪ್ರಾಜೆಕ್ಟ್ ಮಾಡಬೇಕು. ಅದಕ್ಕೆ 12 ಕ್ರೆಡಿಟ್. ಸಂಶೋಧನೆ ಬೇಡ ಎನ್ನುವವರು ಅದರ ಬದಲು ಮೂರು ಕೋರ್ಸ್ ಓದಿ ಅಷ್ಟೇ ಕ್ರೆಡಿಟ್ ಗಳಿಸಬಹುದು.

ಅಂದರೆ 160ರಲ್ಲಿ ಪ್ರಾಜೆಕ್ಟ್‌ನ ಪಾಲು 12 ಮಾತ್ರ. “ಒಂದು ಪ್ರಾಜೆಕ್ಟ್ ಸಾಕು” ಎಂಬುದು ತಪ್ಪು.

12 ಕ್ರೆಡಿಟ್ ಎಂದರೆ ಎಷ್ಟು ಕೆಲಸ?

ತರಗತಿಯ ಪಾಠವಾದರೆ ಒಂದು ಕ್ರೆಡಿಟ್‌ಗೆ ಸೆಮಿಸ್ಟರ್‌ಗೆ 15 ಗಂಟೆ. ಪ್ರಾಜೆಕ್ಟ್, ಕ್ಷೇತ್ರಕಾರ್ಯಗಳಿಗೆ 30 ಗಂಟೆ. ಈ ಲೆಕ್ಕದಲ್ಲಿ 12 ಕ್ರೆಡಿಟ್‌ಗೆ 360 ಗಂಟೆ. ದಿನಕ್ಕೆ ಆರು ಗಂಟೆಯಂತೆ ದುಡಿದರೂ 60 ದಿನ. ಕ್ರೆಡಿಟ್ ಸಿಗುವುದು ಈ ದುಡಿಮೆಗೆ ಮತ್ತು ಅದರಿಂದ ಕಲಿತದ್ದಕ್ಕೆ. ಬೈಂಡ್ ಮಾಡಿದ ಪುಸ್ತಕ ಅದರ ದಾಖಲೆ ಅಷ್ಟೇ.

ಗೈಡ್ ಯಾಕೆ ಬೇಕು?

ಕೋಲಾರದ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಅಳೆಯಲು ಹೊರಟಳು ಎಂದುಕೊಳ್ಳಿ. ಕುಡಿಯುವ ನೀರಿನಲ್ಲಿ ಅದು ಲೀಟರ್‌ಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಗೈಡ್ ಉತ್ತರ ಬರೆದುಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ: ಎಷ್ಟು ಬೋರ್‌ವೆಲ್? ಮಳೆಗಾಲಕ್ಕೆ ಮುಂಚಿನ ನೀರೋ, ನಂತರದ್ದೋ? ಮೀಟರ್ ಸರಿಯಿದೆ ಎಂದು ಹೇಗೆ ಗೊತ್ತು? ಒಂದು ಅಳತೆ ಮಾತ್ರ ವಿಪರೀತ ಹೆಚ್ಚು ಬಂದರೆ ಏನು ಮಾಡುತ್ತೀ?

ಮೌಖಿಕ ಪರೀಕ್ಷೆಯಲ್ಲೂ ಇಂಥ ಪ್ರಶ್ನೆಗಳೇ ಬರುತ್ತವೆ. ದುಡ್ಡು ಕೊಟ್ಟು ಬರೆಸಿದವರು ತಡವರಿಸುವುದು ಇಲ್ಲೇ. ಸ್ವತಃ ಮಾಡಿದವರಿಗೆ, ಫಲಿತಾಂಶ ಅಂದುಕೊಂಡಂತೆ ಬರದಿದ್ದರೂ, ಹೇಳಲು ಮಾತಿರುತ್ತದೆ.

ನೇರ ಪಿಎಚ್‌.ಡಿ. ನಿಜವೇ?

ಅರ್ಜಿ ಹಾಕಬಹುದು ಎಂಬುದು ನಿಜ. ಯುಜಿಸಿಯ 2022ರ ಪಿಎಚ್‌.ಡಿ. ನಿಯಮಗಳ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಒಟ್ಟು ಶೇ. 75 ಅಂಕ ಇದ್ದವರು ಅರ್ಹರು. ಮೀಸಲಾತಿ ವರ್ಗಗಳಿಗೆ ಶೇ. 5ರ ರಿಯಾಯಿತಿ ಉಂಟು. ಆದರೆ ಅರ್ಹತೆ ಬೇರೆ, ಸೀಟು ಬೇರೆ. ಪರೀಕ್ಷೆ, ಸಂದರ್ಶನ ದಾಟಬೇಕು, ಗೈಡ್ ಬಳಿ ಜಾಗವೂ ಇರಬೇಕು.

ಕರ್ನಾಟಕದಲ್ಲಿ ಏನಾಗಿದೆ?

ನಮ್ಮ ರಾಜ್ಯ 2021-22ರಲ್ಲಿ ನಾಲ್ಕು ವರ್ಷದ ಪದ್ಧತಿ ತಂದಿತು. 2024-25ರಿಂದ ಸೇರಿದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷದ ಪದವಿ. ಹಾಗಾಗಿ ಹಳೆಯ ಸಂದೇಶವೊಂದು ನಿಮ್ಮ ಅಕ್ಕನ ಮಗಳಿಗೆ ಸರಿಯಿದ್ದರೂ ನಿಮ್ಮ ಮಗನಿಗೆ ಅನ್ವಯಿಸದೇ ಇರಬಹುದು.

ಸೇರುವ ಮುನ್ನ ಕಾಲೇಜಿನಲ್ಲಿ ಈ ಮೂರನ್ನು ಕೇಳಿ: ನಮ್ಮ ಬ್ಯಾಚ್‌ಗೆ ನಾಲ್ಕನೇ ವರ್ಷ ಇದೆಯೇ? ಇದ್ದರೆ ಸಂಶೋಧನೆ ಸಹಿತವೋ, ಅಲ್ಲವೋ? ನಮ್ಮ ವಿಷಯದಲ್ಲಿ ಮಾರ್ಗದರ್ಶನ ಮಾಡುವ ಅಧ್ಯಾಪಕರು ಇದ್ದಾರೆಯೇ? ಮೂರನೆಯದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಶುಲ್ಕ ಕಟ್ಟುವ ಮುನ್ನ ಇನ್ನೊಮ್ಮೆ ಯೋಚಿಸಿ. “ಗ್ಯಾರಂಟಿ” ಎನ್ನುವ ಸಂದೇಶವನ್ನಂತೂ ಮುಂದೆ ಕಳಿಸಬೇಡಿ.