ಗಾಡಿ ಹೋದರೂ ಹೆಸರು ಉಳಿದೀತು!

ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ದಿನವೂ ಕೆಲಸಕ್ಕೆ ಬರುವ ನಮ್ಮ ಪರಿಚಯದ ಯುವಕನೊಬ್ಬ ಒಂದು ಸಂಜೆ ತಂದೆಯೊಡನೆ ನಮ್ಮಲ್ಲಿಗೆ ಬಂದ. ‘ಫಾದರ್, ಗಾಡಿ ಮಾರಬೇಕಂತ ಮಾಡೀವ್ರಿ’ ಎಂದ. ಗಾಡಿ ಎಂದರೆ 2002ರ ಹೋಂಡಾ ಸಿಟಿ ವಿಟೆಕ್. 2000ದಲ್ಲಿ ನಮ್ಮ ದೇಶಕ್ಕೆ ಬಂದ ಈ ಜಪಾನಿ ಕಾರಿನ 1.5 ಲೀಟರ್ ಎಂಜಿನ್ನಿಗೆ 106 ಅಶ್ವಶಕ್ತಿ. ಅದೂ ಸಾಲದೆಂದು ಹುಡುಗ ಕಾರನ್ನು ತಗ್ಗಿಸುವ ಸ್ಪ್ರಿಂಗ್, ಅಗಲ ಟೈರು, ಗುಡುಗುವ ಸೈಲೆನ್ಸರ್ ಹಾಕಿಸಿದ್ದ. ಪುಣ್ಯಕ್ಕೆ ಬಣ್ಣ ಬದಲಿಸಿರಲಿಲ್ಲ, ಬಣ್ಣವೂ ಆರ್‌.ಸಿ. ಪುಸ್ತಕದಲ್ಲಿ ದಾಖಲಾಗಿರುತ್ತದೆ.

‘ಇದಕ್ಕೆಲ್ಲಾ ಸುರಿದ ರೊಕ್ಕ ತಿರುಗಿ ಬರ್ತದೇನ್ರಿ?’ ಎಂದು ತಂದೆ ಕೇಳಿದರು. ಬರುವುದಿಲ್ಲ. ಅಂಥ ಕಾರನ್ನೇ ಹುಡುಕುವವರು ಕೆಲವರು. ಉಳಿದವರಿಗೆ ಸೈಲೆನ್ಸರ್ ಸದ್ದು ಕೇಳಿದೊಡನೆ ‘ಇದನ್ನು ಹೇಗೆ ಓಡಿಸಿದ್ದಾನೋ’ ಎಂಬ ಸಂಶಯ. ಅದೃಷ್ಟವಶಾತ್ ಕಂಪನಿಯ ಹಳೆಯ ಬಿಡಿಭಾಗಗಳನ್ನು ತಾಯಿ ಅಟ್ಟದ ಮೇಲೆ ಕಾಪಾಡಿಟ್ಟಿದ್ದರು. (ತಾಯಂದಿರು ಯಾವುದನ್ನೂ ಎಸೆಯುವುದಿಲ್ಲವಲ್ಲ!) ಅವನ್ನು ಮತ್ತೆ ಜೋಡಿಸಿ, ಹೊಸ ಸಾಮಾನನ್ನು ಬೇರೆಯಾಗಿ ಮಾರುವಂತೆ ಹೇಳಿದೆವು.

ಇದು ಬರೀ ಲಾಭದ ಲೆಕ್ಕವಲ್ಲ. ಕಂಪನಿ ಕೊಟ್ಟ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಕಾನೂನು ಒಪ್ಪದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆಮನೆ, ಇಲ್ಲವೇ ಎರಡೂ.

ಗಿರಾಕಿ ಸಿಕ್ಕಿದ್ದು ಗಡಿಯಾಚೆಯ ಆಳಂದದ ಕಡೆಯಿಂದ. ರೊಕ್ಕ ಕೈಯಲ್ಲಿ ಹಿಡಿದೇ ಬಂದಿದ್ದ. ‘ಫಾರ್ಮಿಗೆ ಸಹಿ ಹಾಕಿ ಕೊಡ್ರಿ, ತಾರೀಖು ನಾನೇ ಬರ್ಕೋತೀನಿ. ಹೆಸರು ಆಮೇಲೆ ಮಾಡಿಸ್ಕೊಂಡ್ರಾತು’ ಎಂದನಂತೆ. ಹುಡುಗ ಪೆನ್ನು ತೆಗೆದೂ ಆಗಿತ್ತು. ತಂದೆ ತಡೆದು ನಮಗೆ ಫೋನು ಮಾಡಿದರು.

ನಾವು ಒಂದು ತೀರ್ಪಿನ ಸಂಗತಿ ಹೇಳಿದೆವು. ಕಾರೊಂದು ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗಿತ್ತು. ದಾಖಲೆಯಲ್ಲಿ ಮಾತ್ರ ಹಳಬನ ಹೆಸರೇ ಇತ್ತು. 2009ರಲ್ಲಿ ಆ ಕಾರಿನ ಅಪಘಾತದಲ್ಲಿ ಒಂದು ಮಗು ಸತ್ತಿತು. ಕಾರು ಮಾರಿ ಬಹಳ ದಿನಗಳಾಗಿದ್ದರೂ, ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2023ರ ಏಪ್ರಿಲ್‌ನಿಂದ ಅಧಿಕೃತ ಡೀಲರಿಗೆ ಒಪ್ಪಿಸಿದರೆ, ಆ ಮಾಹಿತಿಯನ್ನು ಆರ್‌.ಟಿ.ಒ.ಗೆ ತಿಳಿಸಿದ ಮೇಲೆ, ಡೀಲರನೇ ಮಾಲೀಕನೆಂದು ಎಣಿಕೆಯಾಗುತ್ತಾನೆ. ನೇರ ಮಾರಾಟದಲ್ಲಿ ಆ ಆಸರೆಯಿಲ್ಲ.

‘ಅಂದ್ರ ಅವ ಎಲ್ಲ್ಯಾರ ಗುದ್ದಿದ್ರ ಸಮನ್ಸು ನಮ್ಮನೀಗೆ ಬರ್ತದ!’ ಎಂದರು ತಂದೆ.

ಗಾಡಿ ರಾಜ್ಯ ಬಿಡುವುದರಿಂದ ಸೊಲ್ಲಾಪುರದ ಆರ್‌.ಟಿ.ಒ. ಕಚೇರಿಯಲ್ಲಿ ನಮೂನೆ 28ರಲ್ಲಿ ಎನ್‌.ಒ.ಸಿ.ಗೆ ಅರ್ಜಿ ಕೊಟ್ಟರು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣ, ಪರಿಸರ ತೆರಿಗೆಯ ರಸೀದಿ, ಹಳೆಯ ಸಾಲ ತೀರಿದ ಬ್ಯಾಂಕಿನ ಪತ್ರ ಎಲ್ಲವನ್ನೂ ಹುಡುಕಿ ತೆಗೆದರು. ನಮೂನೆ 29 ಮತ್ತು 30ಕ್ಕೆ ತಾರೀಖು ಸಮೇತ ಸಹಿ ಬಿತ್ತು. ಬೇರೆ ರಾಜ್ಯದ ಗಾಡಿಯಾದರೆ ಮಾರಿದವನು 45 ದಿನಗಳೊಳಗೆ ಎನ್‌.ಒ.ಸಿ.ಯನ್ನು ಅಲ್ಲಿನ ಕಚೇರಿಗೆ ತಲುಪಿಸಬೇಕು. ರಾಜ್ಯದೊಳಗೇ ಆದರೆ 14 ದಿನಗಳಲ್ಲಿ ಮಾರಾಟದ ವರದಿ ಕೊಡಬೇಕು. ಕೊಂಡವನಿಗೆ 30 ದಿನ. ಹಣವೂ ಬ್ಯಾಂಕಿನ ಮೂಲಕವೇ ಬಂತು. 2 ಲಕ್ಷವಾಗಲಿ ಅದಕ್ಕೆ ಮೇಲಾಗಲಿ ನಗದಾಗಿ ಪಡೆಯುವುದಕ್ಕೆ 2017ರಿಂದ ನಿಷೇಧವಿದೆ.

ಇನ್ನೊಂದು ಮಾತು ಹುಡುಗನಿಗೆ ಕಷ್ಟವಾಯಿತು. ‘ತಮ್ಮಾ, ಸ್ಪ್ರಿಂಗ್ ಬಿಚ್ಚಿದ್ದು, ಜೋರಾಗಿ ಓಡಿಸಿದ್ದು ಎಲ್ಲಾ ಅವನಿಗೆ ಹೇಳು’ ಎಂದೆವು. ‘ಹೇಳಿದ್ರ ರೇಟು ಇಳಿಸ್ತಾನ್ರಿ ಫಾದರ್’ ಎಂದ. ಹೇಳಿದ. ಆಳಂದದವನು ತುಸು ಇಳಿಸಿಯೂ ಬಿಟ್ಟ.

ಎನ್‌.ಒ.ಸಿ. ಕೈಗೆ ಬಂದ ಮೇಲೆ ಆತ ಮತ್ತೊಮ್ಮೆ ಅಕ್ಕಲಕೋಟಕ್ಕೆ ಬಂದು ಕಾರು ಒಯ್ದ. ಹಳೆಯ ಸೈಲೆನ್ಸರ್ ಹಾಕಿದ್ದರಿಂದ, ಒಳಗೆ ಅಡಿಗೆ ಮಾಡುತ್ತಿದ್ದ ತಾಯಿಗೆ ಗಾಡಿ ಹೋದದ್ದೇ ಕೇಳಿಸಲಿಲ್ಲವಂತೆ.