ಮಕ್ಕಳ ಬಸ್ ಆಟ, ಅಡುಗೆ ಆಟ ಬರೀ ಟೈಂಪಾಸಾ?

“ಫೀಸ್ ಕಟ್ಟಿ ಕಳಿಸಿದರೆ ಅಲ್ಲಿ ಬರೀ ಆಟ ಆಡಿಸ್ತಾರೆ!” ನರ್ಸರಿ, ಎಲ್‌ಕೆಜಿ ಮಕ್ಕಳ ಪೋಷಕರಲ್ಲಿ ಈ ದೂರು ಸಾಮಾನ್ಯ. ಇನ್ನೊಂದು ಕಡೆ, ಇಂಥ ಆಟದಿಂದ ಐಕ್ಯೂ ಏರುತ್ತದೆ ಎಂದು ದುಬಾರಿ ಆಟಿಕೆ ಮಾರುವವರೂ ಇದ್ದಾರೆ. ಇವೆರಡರಲ್ಲಿ ಯಾವುದು ಸರಿ? ಎರಡೂ ಅಲ್ಲ.

ಆಟದಲ್ಲಿ ನಡೆಯುವುದೇನು?

ನಾಲ್ಕು ಕುರ್ಚಿ ಸಾಲಾಗಿ ಇಟ್ಟರೆ ಬಸ್. ಒಣಗಿದ ಎಲೆಯೇ ಟಿಕೆಟ್. ಕಂಡಕ್ಟರ್ ಆದ ಮಗು ‘ರೈಟ್ ರೈಟ್’ ಅನ್ನುವವರೆಗೆ ಡ್ರೈವರ್ ಆದ ಮಗು ಬಸ್ ಬಿಡುವಂತಿಲ್ಲ.

ಇಷ್ಟರಲ್ಲೇ ಮೂರು ಕಲಿಕೆಗಳಿವೆ.

1. ಎಲೆ ಟಿಕೆಟ್ಟಿನ ಬದಲಿಗೆ ನಿಲ್ಲುತ್ತದೆ. ಅಕ್ಷರವೂ ಹಾಗೆಯೇ: ‘ಅ’ ಎಂಬ ಗೆರೆ ಒಂದು ಧ್ವನಿಯ ಬದಲಿಗೆ ನಿಲ್ಲುತ್ತದೆ.

2. “ಈಗ ನಾನು ಡ್ರೈವರ್, ಆಮೇಲೆ ನೀನು” ಎಂದು ಮಾತಾಡಿ ಒಪ್ಪಿಸಬೇಕು. ಭಾಷೆಗೂ ಹೊಂದಾಣಿಕೆಗೂ ಕೆಲಸ ಸಿಗುತ್ತದೆ.

3. ಓಡಬೇಕು ಅನ್ನಿಸಿದರೂ ಸಿಗ್ನಲ್ಲಿಗೆ ಕಾಯಬೇಕು. ಪಾತ್ರದ ನಿಯಮ ಪಾಲಿಸಲು ಮಗು ತನ್ನನ್ನು ತಾನೇ ತಡೆದುಕೊಳ್ಳುತ್ತದೆ ಎಂದು ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1933ರಲ್ಲೇ ವಿವರಿಸಿದ್ದರು.

ಸಂಶೋಧನೆ ಏನು ಹೇಳುತ್ತದೆ?

2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 4 ಮತ್ತು 6 ವರ್ಷದ ಮಕ್ಕಳಿಗೆ 10 ನಿಮಿಷ ಬೇಸರದ ಕೆಲಸ ಕೊಟ್ಟು, ಪಕ್ಕದಲ್ಲೇ ಐಪ್ಯಾಡ್ ಗೇಮ್ ಇಡಲಾಯಿತು. ಬ್ಯಾಟ್‌ಮ್ಯಾನ್‌ನಂಥ ಪಾತ್ರವಾಗಿ ನಟಿಸಿದ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸಕ್ಕೆ ಅಂಟಿಕೊಂಡರು.

ಆದರೆ 2013ರಲ್ಲಿ ಆಂಜೆಲಿನ್ ಲಿಲ್ಲಾರ್ಡ್ ಮತ್ತು ಸಹೋದ್ಯೋಗಿಗಳು ಹಿಂದಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದಾಗ, ನಟನೆಯ ಆಟದಿಂದ ಬುದ್ಧಿಮತ್ತೆ ಅಥವಾ ಸೃಜನಶೀಲತೆ ಹೆಚ್ಚುತ್ತದೆ ಎನ್ನಲು ಬಲವಾದ ಸಾಕ್ಷ್ಯ ಸಿಗಲಿಲ್ಲ. ಭಾಷೆ, ಕಥೆ ಹೇಳುವುದು, ಭಾವನೆಗಳ ನಿಯಂತ್ರಣಕ್ಕೆ ಅದು ನೆರವಾಗಬಹುದು. ಆದರೆ ಅದೊಂದೇ ದಾರಿಯಲ್ಲ.

ಅಂದರೆ ಇದು ಮಾಯಾಮದ್ದಲ್ಲ, ಕಾಲಹರಣವೂ ಅಲ್ಲ. 3ರಿಂದ 8 ವರ್ಷದ ಮಕ್ಕಳ ಕಲಿಕೆ ಆಟದ ಮೂಲಕ ನಡೆಯಬೇಕು ಎಂದು ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ.

ನೀವು ಏನು ಮಾಡಬಹುದು?

• ದುಬಾರಿ ಸೆಟ್ ಬೇಡ. ಖಾಲಿ ಡಬ್ಬಿ, ಹಳೆಯ ದುಪಟ್ಟಾ, ರಟ್ಟಿನ ಪೆಟ್ಟಿಗೆ ಸಾಕು.

• ಆಟವನ್ನು ನೀವೇ ನಡೆಸಬೇಡಿ. “ಮೆಜೆಸ್ಟಿಕ್‌ಗೆ ಒಂದು ಟಿಕೆಟ್ ಕೊಡಿ” ಎಂದು ಪ್ರಯಾಣಿಕರಾಗಿ ಸೇರಿಕೊಳ್ಳಿ. ಬಸ್ ಎಲ್ಲಿಗೆ ಹೋಗಬೇಕೆಂದು ಮಗುವೇ ಹೇಳಲಿ.

• ಶಾಲೆಯಲ್ಲಿ “ಇವತ್ತು ಎಷ್ಟು ಪುಟ ಬರೆಸಿದ್ರಿ?” ಎನ್ನುವ ಬದಲು, “ಇವತ್ತು ಏನಾಟ ಆಡಿದರು, ಆಡುವಾಗ ಏನು ಮಾತಾಡಿದರು?” ಎಂದು ಕೇಳಿ.

ಮೂರು ವರ್ಷದ ಮಗುವಿನ ನೋಟ್‌ಬುಕ್ ಖಾಲಿಯಿದ್ದ ಮಾತ್ರಕ್ಕೆ ಕಲಿಕೆ ನಿಂತಿದೆ ಎಂದಲ್ಲ. ಶಾಲೆ ಬದಲಿಸುವ ಮುನ್ನ ಒಮ್ಮೆ ಆ ಆಟವನ್ನು ನೋಡಿ ಬನ್ನಿ.