ನಿಮಗಿದು ಗೊತ್ತೆ? ಶಿಲುಬೆ ಅಡ್ಡರಸ್ತೆಯಾದ ಬಗೆ

ಮೈಸೂರಿನ ಸರಸ್ವತಿಪುರಂನಲ್ಲಿ ‘ಏಳನೇ ಮೇನ್’ ಎಂದಷ್ಟೇ ಹೇಳಿ ಆಟೊ ಹತ್ತಿದರೆ ಚಾಲಕರ ಮರುಪ್ರಶ್ನೆ ಸಿದ್ಧ: ‘ಎಷ್ಟನೇ ಕ್ರಾಸು ಸಾರ್?’

ಈ ‘ಕ್ರಾಸ್’ ಲ್ಯಾಟಿನ್ನಿನ ‘ಕ್ರುಕ್ಸ್’ ಪದದಿಂದ ಬಂದದ್ದು. ರೋಮನ್ನರು ಅಪರಾಧಿಗಳನ್ನು ಏರಿಸಿ ಕೊಲ್ಲುತ್ತಿದ್ದ ಮರವೇ ಕ್ರುಕ್ಸ್. ಶಿಲುಬೆಯ ಆಕಾರದಿಂದ ‘ಅಡ್ಡ’ ಎಂಬ ಅರ್ಥ ಹುಟ್ಟಿತು. ದಾಟುವುದು, ತಳಿ ಬೆರೆಸುವುದು, ಸಿಡುಕುವುದು ಎಲ್ಲವೂ ಆಮೇಲೆ ಸೇರಿಕೊಂಡವು. ‘ಕ್ರೂಷಿಯಲ್’ ಕೂಡ ಇದೇ ಕುಲದ್ದು. 1620ರಲ್ಲಿ ಫ್ರಾನ್ಸಿಸ್ ಬೇಕನ್, ಕವಲುದಾರಿಯ ಕೈಮರವನ್ನು ಮನಸ್ಸಿನಲ್ಲಿಟ್ಟುಕೊಂಡು ಬಳಸಿದ ಲ್ಯಾಟಿನ್ ಮಾತಿನಿಂದ ಅದರ ‘ನಿರ್ಣಾಯಕ’ ಎಂಬ ಅರ್ಥ ಬೆಳೆಯಿತು.

ಲಂಡನ್ನಿನ ಚಾರಿಂಗ್ ಕ್ರಾಸ್‌ ಹೆಸರಿನಲ್ಲಿ ಅಡ್ಡರಸ್ತೆ ಇಲ್ಲ. ಅದು 13ನೇ ಶತಮಾನದ ರಾಣಿ ಎಲಿನಾರ್ ನೆನಪಿಗೆ ನಿಲ್ಲಿಸಿದ ಶಿಲುಬೆಯದು. ‘ಕ್ರಾಸ್ ರೋಡ್’ನ ಬಾಲ ಕತ್ತರಿಸಿ ವಿಳಾಸಕ್ಕೆ ಅಂಟಿಸಿಕೊಂಡವರು ನಾವು. ಹಳ್ಳಿಯ ಕಡೆ ಹೋದರೆ ಅದೇ ಪದಕ್ಕೆ ಇನ್ನೊಂದು ಅರ್ಥ: ಹೆದ್ದಾರಿಯಿಂದ ಊರಿಗೆ ದಾರಿ ಒಡೆಯುವ ಜಾಗ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಈಗ ಬೆಳ್ಳೂರಿಗಿಂತ ಹೆಚ್ಚು ಜನಕ್ಕೆ ಗೊತ್ತು! ಕೋರ್ಟಿನಲ್ಲಿ ವಕೀಲರು ‘ಕ್ರಾಸ್ ಮಾಡಿದರು’ ಎಂದರೆ ಪಾಟೀಸವಾಲು. ಡೇರಿಗೆ ಹಾಲು ಹಾಕುವವರ ಬಾಯಲ್ಲಿ ಮಿಶ್ರತಳಿಯ ಹಸುವೂ ‘ಕ್ರಾಸೇ’.

ತಮಾಷೆ ಇರುವುದು ಬ್ಯಾಂಕಿನಲ್ಲಿ. 1881ರ ಕಾಯ್ದೆಯ ಪ್ರಕಾರ ಚೆಕ್ ಕ್ರಾಸ್ ಮಾಡಲು ಮುಖಭಾಗದಲ್ಲಿ ಎರಡು ಸಮಾನಾಂತರ ಗೆರೆ ಅಡ್ಡಲಾಗಿ ಎಳೆದರೆ ಸಾಕು. ಆ ಗೆರೆಗಳು ಒಂದನ್ನೊಂದು ಎಂದೂ ‘ಕ್ರಾಸ್’ ಮಾಡುವುದಿಲ್ಲ. ಅಂಥ ಚೆಕ್ಕಿಗೆ ಕೌಂಟರಿನಲ್ಲಿ ನಗದು ಸಿಗದು, ಹಣ ಖಾತೆಗೇ ಜಮೆಯಾಗಬೇಕು.